ಫುರಾತ್ ನದಿಯ ಗತಿ: ಎರ್ಜುರುಮಿನ ಹಿಮದಿಂದ ಶುವೈಖ್‌ನ ದಡದವರೆಗೆ



ಒಂದು ನದಿಯೂ ಹುಟ್ಟದ, ವರ್ಷವಿಡೀ ಹರಿಯುವ ಒಂದು ಹಳ್ಳವನ್ನೂ ಕಾಣದ ನಾಡಿನಲ್ಲಿ ನಿಂತು ನದಿಯನ್ನು ಕುರಿತು ಮಾತನಾಡಲು ಹೊರಟವನು, ತಾನು ಆರಿಸಿಕೊಂಡ ವಿಷಯಕ್ಕೂ ತಾನು ನಿಂತ ನೆಲಕ್ಕೂ ಇರುವ ಸಂಬಂಧವನ್ನು ಮೊದಲು ತಿಳಿಸಬೇಕಾಗುತ್ತದೆ. ಕುವೈತಿನ ಈ ಶುವೈಖ್‌ನ ಮುಂದಿರುವುದು ಉಪ್ಪುನೀರಿನ ಕೊಲ್ಲಿ, ಹಿಂದಿರುವುದು ಮರಳುಗಾಡು. ಹೀಗಿದ್ದೂ, ಇಲ್ಲಿಂದ ಉತ್ತರಕ್ಕೆ ಸಾವಿರ ಕಿಲೋಮೀಟರಿಗೂ ಆಚೆ, ತುರ್ಕಿಯ ಪೂರ್ವಭಾಗದ ಪರ್ವತಗಳ ಮೇಲೆ ಬಿದ್ದ ಹಿಮವು ಕರಗಿ, ಕಣಿವೆಗಳನ್ನು ಕೊರೆದು, ಮೂರು ರಾಜ್ಯಗಳ ಬಯಲುಗಳನ್ನು ದಾಟಿ ಬಂದ ನೀರನ್ನು, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಕೊಲ್ಲಿಯ ದಡದ ಜನ ಹಣಕೊಟ್ಟು ಕೊಂಡು ಕುಡಿಯುತ್ತಿದ್ದರು. ಆ ನದಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಯೂಫ್ರೆಟಿಸ್ ಎಂದು ಹೆಸರು. ಅರಬ್ಬರು ಅದನ್ನು ಫುರಾತ್ ಎನ್ನುತ್ತಾರೆ. ಅರಬ್ಬರ ನಾಡಿನಲ್ಲಿ ನಿಂತಿರುವುದರಿಂದ ನಾನೂ ಆ ಹೆಸರನ್ನೇ ಬಳಸುತ್ತೇನೆ.

ನದಿಯ ಗತಿಯನ್ನು ಅದು ಕಡಲನ್ನು ಕೂಡುವ ಅಳಿವೆಯಲ್ಲಿ ಮುಗಿಸುವುದು ಭೂಗೋಳದ ಗ್ರಂಥಗಳ ವಾಡಿಕೆ. ಅದರ ನೀರನ್ನು ಕಟ್ಟಕಡೆಗೆ ಕುಡಿಯುವ ಮನೆ ಎಲ್ಲಿದೆಯೋ ಅಲ್ಲಿಯವರೆಗೂ ನದಿಯ ಗತಿಯನ್ನು ಎಳೆಯಬೇಕೆಂಬುದು, ಮತ್ತು ಮೇಲಿನ ಕಣಿವೆಯಲ್ಲಿ ಅಣೆಕಟ್ಟು ಕಟ್ಟುವವನು ಆ ಕೊನೆಯ ಮನೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೇ ಕಟ್ಟಬೇಕೆಂಬುದು ನನ್ನ ನಂಬಿಕೆ. ಇಂದಿನ ಉಪನ್ಯಾಸವೆಲ್ಲವೂ ಈ ಒಂದು ಮಾತಿನ ವಿಸ್ತರಣವೆಂದು ತಿಳಿಯಬೇಕಾಗಿ ಪ್ರಾರ್ಥನೆ.

1. ಉಗಮ

ಅರ್ಮೇನಿಯದ ಪ್ರಸ್ಥಭೂಮಿಯೆಂದು ಭೂಗೋಳಜ್ಞರು ಕರೆಯುವ ಉನ್ನತ ಪ್ರದೇಶದಲ್ಲಿ, ಇಂದಿನ ತುರ್ಕಿ ದೇಶದ ಮೇರೆಯೊಳಗೆ, ಎರ್ಜುರುಮ್ ಎಂಬ ಹಳೆಯ ನಗರವೊಂದಿದೆ. ಆ ನಗರ ನೆಲಸಿರುವ ಬಯಲೇ ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿದೆ. ಎಂದರೆ ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ನೆತ್ತಿ ಎಷ್ಟು ಎತ್ತರದಲ್ಲಿದೆಯೋ ಹೆಚ್ಚುಕಡಮೆ ಅಷ್ಟೇ ಎತ್ತರದಲ್ಲಿ ಅಲ್ಲಿಯ ರೈತರು ಗೋಧಿಯನ್ನೂ ಬಾರ್ಲಿಯನ್ನೂ ಬಿತ್ತಿ ಬೆಳೆಯುತ್ತಾರೆ. ಚಳಿಗಾಲದಲ್ಲಿ ಅಲ್ಲಿಯ ಉಷ್ಣಮಾನ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಕ್ಕೆ ಇಳಿಯುವುದುಂಟು. ಬಯಲಿನ ಉತ್ತರಕ್ಕೆ ಮೂರು ಸಾವಿರ ಮೀಟರುಗಳನ್ನು ಮೀರಿ ನಿಂತ ದುಮ್ಲು ಪರ್ವತದ ಬುಗ್ಗೆಗಳಿಂದ ಹೊರಟು ಪಶ್ಚಿಮಾಭಿಮುಖವಾಗಿ ಹರಿಯುವ ಕರಸು ಫುರಾತಿನ ಒಂದು ಕವಲು. ಇನ್ನೊಂದು ಕವಲಾದ ಮುರಾತ್, ವಾನ್ ಸರೋವರದ ಉತ್ತರಕ್ಕೆ, ಅರಾರತ್ ಪರ್ವತದಿಂದ ಬಹುದೂರವಲ್ಲದ ದಿಯಾದಿನ್ ಎಂಬ ಊರಿನ ಸುತ್ತಣ ಮಲೆಗಳಲ್ಲಿ ಹುಟ್ಟುತ್ತದೆ. ಕರಸುವಿನ ಉದ್ದ ಸುಮಾರು 450 ಕಿಲೋಮೀಟರ್. ಮುರಾತ್ ಅದಕ್ಕಿಂತ ಬಹಳ ಉದ್ದವಾಗಿ 700 ಕಿಲೋಮೀಟರನ್ನು ಮೀರುತ್ತದೆ. ಮುರಾತಿನ ಮೂಲದಿಂದ ಅಳೆದರೆ ಫುರಾತಿನ ಒಟ್ಟು ಉದ್ದ ಸುಮಾರು 2,800 ಕಿಲೋಮೀಟರ್. ನಮ್ಮ ಕೃಷ್ಣಾನದಿಯ ಇಮ್ಮಡಿ.

ಈ ನದಿಯ ಸ್ವಭಾವವನ್ನು ಅರಿಯಬೇಕಾದರೆ ನಾವು ಕನ್ನಡಿಗರು ಹುಟ್ಟಿನಿಂದ ಬಲ್ಲ ಒಂದು ಸಂಗತಿಯನ್ನು ಕೆಲಹೊತ್ತು ಬದಿಗಿರಿಸಬೇಕಾಗುತ್ತದೆ. ನಮ್ಮ ನದಿಗಳು ಮಳೆಯ ಮಕ್ಕಳು. ಮೃಗಶಿರ ಆರಿದ್ರೆಗಳಲ್ಲಿ ಘಟ್ಟದ ಮೇಲೆ ಮಳೆ ಹಿಡಿದರೆ ವಾರದೊಳಗೆ ಕಾವೇರಿ ಕೆಂಪಾಗುತ್ತಾಳೆ, ನೇತ್ರಾವತಿ ದಡ ಮೀರುತ್ತಾಳೆ. ಫುರಾತಿಗಾದರೋ ಆಕಾಶವು ಕೊಡುವ ನೀರು ಕೂಡಲೇ ಕೈಗೆ ಹತ್ತುವುದಿಲ್ಲ. ಡಿಸೆಂಬರಿನಿಂದ ಮಾರ್ಚಿನವರೆಗೆ ಬಿದ್ದುದೆಲ್ಲ ಹಿಮವಾಗಿ ಮಲೆಗಳ ಮೇಲೆ ಠೇವಣಿಯಾಗಿ ಉಳಿದು, ವಸಂತದ ಬಿಸಿಲು ಏರಿದಂತೆ ಕರಗಿ, ಏಪ್ರಿಲ್ ಮೇ ತಿಂಗಳುಗಳಲ್ಲಿ ಒಮ್ಮೆಗೇ ಇಳಿದು ಬರುತ್ತದೆ. ಸೆಪ್ಟೆಂಬರಿನ ಹೊತ್ತಿಗೆ ನದಿ ಸೊರಗಿ ಸಣ್ಣಗಾಗುತ್ತದೆ. ಕ್ರಿ.ಪೂ. 401ರ ಚಳಿಗಾಲದಲ್ಲಿ ಗ್ರೀಕ್ ಸೈನ್ಯವೊಂದನ್ನು ಈ ಮಲೆನಾಡಿನ ಮೂಲಕ ಸ್ವದೇಶಕ್ಕೆ ನಡೆಸಿದ ಕ್ಸೆನೊಫನ್, ಮೂಲಕ್ಕೆ ಸಮೀಪದಲ್ಲಿ ಫುರಾತನ್ನು ತನ್ನವರು ಹೊಕ್ಕುಳಮಟ್ಟದ ನೀರಿನಲ್ಲಿ ನಡೆದೇ ದಾಟಿದರೆಂದು ಬರೆದಿಟ್ಟಿದ್ದಾನೆ. ನದಿಯ ಸಂಪತ್ತೆಲ್ಲವೂ ಆಗ ಅವರ ತಲೆಯ ಮೇಲಿನ ಗುಡ್ಡಗಳಲ್ಲಿ ಹೆಪ್ಪುಗಟ್ಟಿತ್ತು.

2. ಕಮರಿ ಮತ್ತು ತಿರುವು

ಎರ್ಜುರುಮ್, ಎರ್ಜಿಂಜಾನ್‌ಗಳ ಬಯಲುಗಳನ್ನು ದಾಟಿದ ಕರಸು ಕೆಮಾಲಿಯೆ ಎಂಬ ಊರಿನ ಬಳಿ ಸುಣ್ಣಕಲ್ಲಿನ ಇಕ್ಕಟ್ಟಾದ ಕಮರಿಯೊಂದನ್ನು ಹೊಗುತ್ತದೆ. ನೂರಾರು ಮೀಟರ್ ಎತ್ತರಕ್ಕೆ ನೆಟ್ಟಗೆ ಎದ್ದ ಗೋಡೆಗಳ ನಡುವೆ ಬಿಸಿಲು ನೀರನ್ನು ಮುಟ್ಟುವುದು ನಡುಹಗಲಿನ ಅಲ್ಪಕಾಲ ಮಾತ್ರ. ಹೊರಜಗತ್ತಿಗೆ ದಾರಿಯಿಲ್ಲದೆ ಬಳಲಿದ ಆ ಊರಿನ ಜನ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಮರಿಯ ಗೋಡೆಯನ್ನೇ ಕೊರೆದು ರಸ್ತೆ ಮಾಡಲು ತೊಡಗಿದರು. ಉಳಿ ಸುತ್ತಿಗೆಗಳಿಂದ ಮೊದಲಾದ ಆ ಕೆಲಸ ತಲೆಮಾರಿನಿಂದ ತಲೆಮಾರಿಗೆ ಸಾಗಿ, ನಿಂತು, ಮತ್ತೆ ಸಾಗಿ, ನೂರಕ್ಕೂ ಹೆಚ್ಚು ವರ್ಷಗಳ ತರುವಾಯ 2002ರಲ್ಲಿ ಮುಗಿಯಿತು. ನದಿಯು ಲಕ್ಷಾಂತರ ವರ್ಷಗಳಲ್ಲಿ ಕೊರೆದ ಬಂಡೆಯಲ್ಲಿ ಮನುಷ್ಯರು ನಾಲ್ಕೈದು ತಲೆಮಾರುಗಳಲ್ಲಿ ಕೊರೆದ ಸುರಂಗಗಳ ಸಾಲು ಈಗಲೂ ಅಲ್ಲಿ ನೀರಿನ ಮೇಲೆ ನೇತುಬಿದ್ದಂತೆ ಸಾಗುತ್ತದೆ.

ಕರಸು, ಮುರಾತ್‌ಗಳೆರಡೂ ಕೂಡುತ್ತಿದ್ದುದು ಕೆಬಾನ್ ಎಂಬಲ್ಲಿ. ಆ ಸಂಗಮವನ್ನು ಇಂದು ಯಾರೂ ಕಾಣಲಾರರು. 1974ರಲ್ಲಿ ಸಿದ್ಧವಾದ ಕೆಬಾನ್ ಅಣೆಕಟ್ಟಿನ ಜಲಾಶಯ ಅದನ್ನು ಮುಳುಗಿಸಿದೆ. ಸಂಗಮದ ಪೂರ್ವಕ್ಕೆ ಇರುವ ಹಜಾರ್ ಎಂಬ ಸರೋವರದ ಸಮೀಪದಲ್ಲಿ, ಫುರಾತಿನ ನೀರಿಗೆ ಕೇವಲ ಮೂವತ್ತು ಕಿಲೋಮೀಟರುಗಳಷ್ಟು ಅಂತರದಲ್ಲಿ, ಟೈಗ್ರಿಸ್ ನದಿ ಹುಟ್ಟುತ್ತದೆ. ಒಂದೇ ಮಲೆಯ ಎರಡು ಮಗ್ಗುಲಲ್ಲಿ ಬೇರೆಯಾದ ಈ ಎರಡು ನೀರುಗಳು ಮತ್ತೆ ಒಂದಾಗುವುದು ಸಾವಿರಾರು ಕಿಲೋಮೀಟರುಗಳ ಅಲೆದಾಟವಾದ ಮೇಲೆ, ಬಸ್ರಾ ನಗರದ ನೆರೆಯಲ್ಲಿ.

ಕೆಬಾನಿನಿಂದ ಕೆಳಗೆ ಟಾರಸ್ ಪರ್ವತಶ್ರೇಣಿಯನ್ನು ಸೀಳಿಕೊಂಡು ನೈಋತ್ಯಕ್ಕೆ ಧಾವಿಸುವ ನದಿಯ ಒಲವನ್ನು ನೋಡಿದರೆ ಅದು ಮೆಡಿಟರೇನಿಯನ್ ಸಮುದ್ರವನ್ನೇ ಸೇರಬೇಕೆಂದು ತೋರುತ್ತದೆ. ಬಿರೆಜಿಕ್ ಎಂಬ ಊರಿನ ಬಳಿ ಆ ಸಮುದ್ರಕ್ಕೂ ನದಿಗೂ ನಡುವೆ ಉಳಿಯುವುದು ನೂರೈವತ್ತು ಕಿಲೋಮೀಟರುಗಳ ಆಸುಪಾಸಿನ ನೆಲ ಮಾತ್ರ. ಅಷ್ಟು ಸಮೀಪಕ್ಕೆ ಬಂದ ನದಿ ಅಲ್ಲಿಂದ ಮುಂದೆ ದಕ್ಷಿಣಕ್ಕೂ ಅನಂತರ ಆಗ್ನೇಯಕ್ಕೂ ಹೊರಳಿ, ಹತ್ತಿರದ ಕಡಲಿಗೆ ಬೆನ್ನುಮಾಡಿ, ದೂರದ ಕಡಲನ್ನು ಅರಸಿ ಹೊರಡುತ್ತದೆ. ಪಶ್ಚಿಮ ಸಮುದ್ರದ ಗಾಳಿ ಬೀಸುವಷ್ಟು ಸನಿಹದಲ್ಲಿ, ಬ್ರಹ್ಮಗಿರಿಯ ಮೇಲೆ ಹುಟ್ಟಿಯೂ ಬಂಗಾಳಕೊಲ್ಲಿಗೆ ನಡೆಯುವ ಕಾವೇರಿಯನ್ನು ಬಲ್ಲವರಿಗೆ ಈ ನಡೆ ಅಪರಿಚಿತವಲ್ಲ. ನೆಲದ ಇಳಿಜಾರು ಯಾವ ದಿಕ್ಕಿಗಿದೆಯೋ ನದಿಯ ಗುರಿಯೂ ಆ ದಿಕ್ಕಿಗೆ. ಹೀಗೆ ಬೆನ್ನುಮಾಡಿ ಹೊರಟ ನದಿಗಳೇ ಒಣನಾಡುಗಳ ಪಾಲಿಗೆ ದೈವದಂತೆ ಒದಗಿ ಬಂದಿವೆ.

ಈ ಕಿರಿದಾದ ಅಂತರವೇ 1835ರಲ್ಲಿ ಕರ್ನಲ್ ಚೆಸ್ನಿ ಎಂಬ ಬ್ರಿಟಿಷ್ ಸೇನಾಧಿಕಾರಿಯ ಸಾಹಸಕ್ಕೆ ಕಾರಣವಾಯಿತು. ಇಂಗ್ಲೆಂಡಿನಿಂದ ಹಿಂದೂಸ್ಥಾನಕ್ಕೆ ಹತ್ತಿರದ ಹಾದಿಯೊಂದನ್ನು ಈ ನದಿಯ ಮೂಲಕ ತೆರೆಯಬೇಕೆಂದು ಅವನು ಎರಡು ಉಗಿಹಡಗುಗಳನ್ನು ಬಿಡಿಭಾಗಗಳಾಗಿ ಸಿರಿಯದ ಕರಾವಳಿಗೆ ತಂದು, ನೆಲದ ಮೇಲೆ ಬಂಡಿಗಳಲ್ಲಿ ಬಿರೆಜಿಕ್ಕಿಗೆ ಸಾಗಿಸಿ, ಅಲ್ಲಿ ಜೋಡಿಸಿ ನೀರಿಗಿಳಿಸಿದನು. ಮರುವರ್ಷದ ಮೇ ತಿಂಗಳಲ್ಲಿ ಅವುಗಳಲ್ಲೊಂದು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಇನ್ನೊಂದು ಅಳಿವೆಯವರೆಗೆ ತಲಪಿತು. ಸೂಯೆಜ್ ಕಾಲುವೆ ತೆರೆದ ಮೇಲೆ ಆ ಹಾದಿಯ ಮಾತು ಹಿಂದೆ ಬಿದ್ದರೂ, ಅವನ ಪಯಣದಿಂದ ನದಿಯ ತಿರುವು ದಿಬ್ಬಗಳ ವಿವರವಾದ ಮಾಪನವೊಂದು ಲೋಕಕ್ಕೆ ದೊರೆಯಿತು.

3. ಬಯಲು

ಸಿರಿಯವನ್ನು ಹೊಕ್ಕ ಮೇಲೆ ಫುರಾತಿಗೆ ಎಡಗಡೆಯಿಂದ ಬಾಲಿಖ್ ಎಂಬುದೂ ಖಾಬೂರ್ ಎಂಬುದೂ ಬಂದು ಸೇರುತ್ತವೆ. ಖಾಬೂರ್ ಕೂಡಿದ ತರುವಾಯ, ಬಸ್ರಾದ ಸಮೀಪದವರೆಗೆ, ಗಣನೆಗೆ ಬರುವ ಒಂದು ಉಪನದಿಯೂ ಇಲ್ಲ. ಇದು ನೆನಪಿನಲ್ಲಿಡಬೇಕಾದ ಮಾತು. ನದಿಗಳು ಮುಂದೆ ಮುಂದೆ ಹೋದಂತೆ ದೊಡ್ಡವಾಗುವುದನ್ನು ಕಂಡವರು ನಾವು. ಈ ನದಿ ಮುಂದೆ ಹೋದಂತೆ ಕಿರಿದಾಗುತ್ತದೆ. ಅದರ ನೀರಿನಲ್ಲಿ ನೂರಕ್ಕೆ ತೊಂಬತ್ತು ಪಾಲಿನಷ್ಟು ತುರ್ಕಿಯ ಮಲೆಗಳದು. ಕೆಳಗಿನ ನಾಡುಗಳು ಅದಕ್ಕೆ ಕೊಡುವುದಕ್ಕಿಂತ ಅದರಿಂದ ತೆಗೆದುಕೊಳ್ಳುವುದೇ ಹೆಚ್ಚು, ಬಿಸಿಲಂತೂ ಕೇಳದೆಯೇ ತನ್ನ ಪಾಲನ್ನು ಎತ್ತಿಕೊಳ್ಳುತ್ತದೆ.

ಇರಾಕಿನ ಹೀತ್ ಎಂಬ ಊರಿನಲ್ಲಿ ನೆಲದಿಂದ ತಾನಾಗಿ ಡಾಂಬರು ಉಕ್ಕುತ್ತದೆ. ಬಾಬಿಲೋನಿನ ಇಟ್ಟಿಗೆಗಳಿಗೆ ಗಾರೆಯಾದದ್ದು ಈ ಡಾಂಬರು; ಕುಫ್ಫಾ ಎಂಬ ದುಂಡನೆಯ ತೆಪ್ಪಗಳಿಗೆ ಬಳಿದದ್ದೂ ಇದೇ. ಹೆಣೆದ ಬುಟ್ಟಿಯ ಆಕಾರದ ಆ ಕುಫ್ಫಾವನ್ನೂ ಹಂಪೆಯ ಬಳಿ ತುಂಗಭದ್ರೆಯನ್ನು ದಾಟಿಸುವ ಹರಿಗೋಲನ್ನೂ ಅಕ್ಕಪಕ್ಕದಲ್ಲಿಟ್ಟರೆ, ಒಂದಕ್ಕೆ ಡಾಂಬರಿನ ಲೇಪ, ಇನ್ನೊಂದಕ್ಕೆ ತೊಗಲಿನ ಹೊದಿಕೆ ಎಂಬುದನ್ನು ಬಿಟ್ಟರೆ, ಭೇದವನ್ನು ಹೇಳುವುದು ಕಷ್ಟ. ಬಿರುಸಾದ ಹೊಳೆ, ಮರ ಅಪರೂಪವಾದ ದಡ, ಬಗ್ಗುವ ಬಳ್ಳಿ ಕಡ್ಡಿ: ಇವು ಎಲ್ಲಿ ಕೂಡಿದುವೋ ಅಲ್ಲಿ ಮನುಷ್ಯನ ಬುದ್ಧಿ ಅದೇ ದುಂಡನೆಯ ಆಕಾರವನ್ನು ಕಂಡುಕೊಂಡಿತು.

ಬಯಲಿಗಿಳಿದ ಫುರಾತ್ ತನ್ನ ಹೂಳಿನ ಮೇಲೆಯೇ ತೇಲುವಂತೆ ಹರಿಯುತ್ತದೆ. ಬಗ್ದಾದಿನ ಸುತ್ತಣ ನೆಲ ಕಡಲಿನಿಂದ ಐನೂರು ಕಿಲೋಮೀಟರ್ ದೂರದಲ್ಲಿದ್ದರೂ ಸಮುದ್ರಮಟ್ಟಕ್ಕಿಂತ ಕೇವಲ 35 ಮೀಟರಿನಷ್ಟು ಎತ್ತರದಲ್ಲಿದೆ. ಅಂಥ ಚಪ್ಪಟೆ ನೆಲದಲ್ಲಿ ನದಿಯು ಪಾತ್ರವನ್ನು ಬದಲಿಸಲು ಒಂದು ದೊಡ್ಡ ನೆರೆ ಸಾಕು. ನದಿಯ ಕೂಡೆ ಬಾಳಿದ ಊರ್, ಉರುಕ್‌ಗಳಂಥ ಪುರಾತನ ಪಟ್ಟಣಗಳು ಇಂದು ನೀರಿನಿಂದ ದೂರದಲ್ಲಿ, ಮಣ್ಣಿನ ದಿಬ್ಬಗಳಾಗಿ ನಿಂತಿರುವುದಕ್ಕೆ ನದಿ ಅವುಗಳನ್ನು ಬಿಟ್ಟುಹೋದದ್ದು ಒಂದು ಮುಖ್ಯ ಕಾರಣ. ಇದಕ್ಕಿಂತಲೂ ದೊಡ್ಡ ತೊಡಕು ಕಾಲದ್ದು. ಹಿಮ ಕರಗಿ ನೆರೆ ಬರುವ ಏಪ್ರಿಲ್ ಮೇ ತಿಂಗಳುಗಳು ಅಲ್ಲಿ ಗೋಧಿ ಬಾರ್ಲಿಗಳ ಕೊಯ್ಲಿನ ಕಾಲ. ಬಿತ್ತನೆಯಾಗುವ ಶರತ್ಕಾಲದಲ್ಲಿ ನದಿ ಬಡವಾಗಿರುತ್ತದೆ. ಬೇಕಾದಾಗ ಇಲ್ಲದ, ಬೇಡವಾದಾಗ ಉಕ್ಕುವ ಈ ನೀರನ್ನು ಹಿಡಿದು, ತಡೆದು, ಹಂಚುವ ಹೊಣೆ ಒಬ್ಬ ರೈತನಿಂದ ಆಗುವಂಥದಲ್ಲ. ಆದಕಾರಣ ಏರಿಗಳೂ ಕಾಲುವೆಗಳೂ, ಅವನ್ನು ಕಾಯುವ ಅಧಿಕಾರಿಗಳೂ, ಲೆಕ್ಕವಿಡುವ ಲಿಪಿಕಾರರೂ ಐದು ಸಾವಿರ ವರ್ಷಗಳ ಹಿಂದೆಯೇ ಅಲ್ಲಿ ಹುಟ್ಟಿಕೊಂಡರು. ಆ ಪರಂಪರೆಯ ಆಧುನಿಕ ಅಧ್ಯಾಯಕ್ಕೆ ಹಿಂದೂಸ್ಥಾನದ ಋಣವೂ ಇದೆ. 1913ರಲ್ಲಿ ಮುಗಿದ ಹಿಂದಿಯಾ ಅಡ್ಡಗಟ್ಟೆಯನ್ನು ಯೋಜಿಸಿದ ವಿಲಿಯಂ ವಿಲ್‌ಕಾಕ್ಸ್ ಹುಟ್ಟಿದ್ದು ಹಿಂದೂಸ್ಥಾನದಲ್ಲಿ. ಕಾಲುವೆಯ ವಿದ್ಯೆಯನ್ನು ಕಲಿತದ್ದು ರೂರ್ಕಿಯ ಕಾಲೇಜಿನಲ್ಲಿ.

ನಾಸಿರಿಯಾ ಎಂಬ ಊರಿನಿಂದ ಕೆಳಗೆ ನದಿಯು ಹೊನಲಿನ ರೂಪವನ್ನು ಬಿಟ್ಟು ಜೊಂಡುಗಳ ನಡುವೆ ಹರಡಿಕೊಳ್ಳುತ್ತದೆ. ಜೊಂಡನ್ನೇ ಕಟ್ಟಿ ಮನೆಮಾಡಿ, ಎಮ್ಮೆಗಳನ್ನು ಸಾಕಿ ಬಾಳಿದ ಜನರ ಆ ಜೌಗುನಾಡನ್ನು 1990ರ ದಶಕದಲ್ಲಿ ಇರಾಕಿನ ಸರಕಾರ ಏರಿ ಕಾಲುವೆಗಳಿಂದ ಒಣಗಿಸಿತು. 2003ರ ತರುವಾಯ ಜನರೇ ಏರಿಗಳನ್ನು ಒಡೆದು ನೀರನ್ನು ಒಂದಿಷ್ಟು ಮರಳಿ ತಂದರು. 2016ರಲ್ಲಿ ಅದು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ನದಿಯ ಹೂಳನ್ನೂ ಕಲ್ಮಷವನ್ನೂ ಸೋಸಿ ತಿಳಿಯಾದ ನೀರನ್ನು ಕಡಲಿಗೆ ಬಿಡುತ್ತಿದ್ದ ಆ ಜೌಗು ಒಣಗಿದಾಗ ಅದರ ಪರಿಣಾಮ ಕುವೈತಿನ ಕೊಲ್ಲಿಯವರೆಗೂ ಮುಟ್ಟಿತು.

4. ಅಳಿವೆ

ಫುರಾತೂ ಟೈಗ್ರಿಸೂ ಕೂಡಿದ ಮೇಲಿನ ಹೊಳೆಗೆ ಶತ್ತ್ ಅಲ್ ಅರಬ್ ಎಂದು ಹೆಸರು. ಸುಮಾರು 200 ಕಿಲೋಮೀಟರ್ ಉದ್ದದ ಈ ಹೊಳೆಯಲ್ಲಿ ಕಂಡುಬರುವ ಒಂದು ವಿಶೇಷವನ್ನು ಸ್ವಲ್ಪ ಸಾವಕಾಶವಾಗಿ ನೋಡಬೇಕು. ಕೊಲ್ಲಿಯಲ್ಲಿ ಭರತ ಏರಿದಾಗ ಕಡಲು ನದಿಯ ಬಾಯಿಗೆ ಅಡ್ಡಬಂದು ಸಿಹಿನೀರನ್ನು ಹಿಂದಕ್ಕೊತ್ತುತ್ತದೆ. ಹಿಂದಕ್ಕೊತ್ತಿದ ನೀರು ದಡದ ಸಣ್ಣ ಕಾಲುವೆಗಳಿಗೆ ನುಗ್ಗಿ, ಖರ್ಜೂರದ ತೋಟಗಳ ಬುಡವನ್ನು ತೋಯಿಸಿ, ಇಳಿತದಲ್ಲಿ ತಾನಾಗಿಯೇ ಹಿಂದಿರುಗುತ್ತದೆ. ಏತವಿಲ್ಲ, ಕಪಿಲೆಯಿಲ್ಲ, ಪಂಪಿಲ್ಲ. ಚಂದ್ರನೇ ದಿನಕ್ಕೆರಡು ಬಾರಿ ನೀರುಹಾಯಿಸುವ ಈ ಏರ್ಪಾಡಿನಿಂದ ಬಸ್ರಾ ಮತ್ತು ಅಬುಲ್ ಖಸೀಬ್‌ಗಳ ಸುತ್ತ ಜಗತ್ತಿನ ಅತಿದೊಡ್ಡ ಖರ್ಜೂರವನಗಳು ಬೆಳೆದು ನಿಂತಿದ್ದುವು. ಮೇಲಿನಿಂದ ಬರುವ ಸಿಹಿನೀರು ಕಡಲನ್ನು ತಡೆಯುವಷ್ಟು ಇದ್ದರೆ ಮಾತ್ರ ಈ ಏರ್ಪಾಡು ನಡೆಯುತ್ತದೆಂಬುದು ಸ್ಪಷ್ಟ. ನೀರು ಕಡಮೆಯಾದೊಡನೆ ಅದೇ ಭರತ ಅದೇ ಕಾಲುವೆಗಳಿಗೆ ಉಪ್ಪನ್ನು ತುಂಬುತ್ತದೆ.

ಆ ವನಗಳ ಖರ್ಜೂರವನ್ನು ತುಂಬಿಕೊಂಡು ಕುವೈತಿನ ಹಾಯಿಹಡಗುಗಳು ಮುಂಬಯಿಗೂ ಮಂಗಳೂರಿಗೂ ಕಲ್ಲಿಕೋಟೆಗೂ ಬರುತ್ತಿದ್ದುವು. ಮರಳುವಾಗ ಮರಮಟ್ಟು, ತೆಂಗಿನ ಹುರಿ, ಸಂಬಾರ ಸಾಮಾನುಗಳನ್ನು ಹೊತ್ತು ಬರುತ್ತಿದ್ದುವು. ಆ ಹಡಗುಗಳನ್ನು ಕಟ್ಟಿದ್ದು ಮಲಬಾರಿನ ತೇಗದಿಂದ. ನಮ್ಮ ಬಂದರಿನ ದಕ್ಕೆಯಲ್ಲಿ ಅಜ್ಜಂದಿರು ಕೊಂಡ ಖರ್ಜೂರ ಈ ನದಿಯ ನೀರುಂಡು ಬೆಳೆದದ್ದು. ಈ ಕಡಲಿನಲ್ಲಿ ಓಡಾಡಿದ ಹಡಗಿನ ಹಲಗೆ ನಮ್ಮ ಘಟ್ಟಸಾಲಿನ ಮಳೆಯನ್ನುಂಡು ಬೆಳೆದದ್ದು.

5. ಕೊನೆಯ ಮನೆ

ಹಳೆಯ ಕುವೈತ್ ಪಟ್ಟಣಕ್ಕೆ ನೀರೆಂದರೆ ಶಾಮಿಯಾ, ಹವಲ್ಲಿ ಮುಂತಾದ ಕಡೆಗಳ ಆಳವಿಲ್ಲದ ಬಾವಿಗಳು. ಪಟ್ಟಣ ಬೆಳೆದು ಬಾವಿಗಳು ಸಾಲದಾದಾಗ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಹಾಯಿಹಡಗುಗಳು ಶತ್ತ್ ಅಲ್ ಅರಬ್‌ಗೆ ಹೋಗಿ ನೀರು ತುಂಬಿ ತರಲು ಮೊದಲುಮಾಡಿದುವು. ಹಡಗಿನ ಒಡಲಲ್ಲಿ ಮರದ ತೊಟ್ಟಿಗಳನ್ನು ಕೂರಿಸಿ, ಕಡಲಿನ ಉಪ್ಪು ತಾಕದ ಎಡೆಯವರೆಗೆ ಹೊಳೆಯನ್ನು ಏರಿ, ನಡುಹೊಳೆಯ ನೀರನ್ನು ತುಂಬಿ, ಮತ್ತೆ ತೆರೆದ ಕಡಲನ್ನು ದಾಟಿ ತರಬೇಕು. ದಡದಲ್ಲಿ ಕಾದಿರುತ್ತಿದ್ದವರು ನೀರುಹೊರುವವರು. ಕಂದರಿ ಎನಿಸಿಕೊಂಡವನು ಹೆಗಲ ಮೇಲೊಂದು ಅಡ್ಡೆ ಹೊತ್ತು, ಅದರ ಎರಡು ತುದಿಗೂ ತಗಡಿನ ಡಬ್ಬಗಳನ್ನು ತೂಗಿಸಿಕೊಂಡು, ಮಣ್ಣಿನ ಗೋಡೆಗಳ ನಡುವಣ ಓಣಿಗಳಲ್ಲಿ ಮನೆಮನೆಗೂ ಹೋಗಿ ಮಾರುತ್ತಿದ್ದನು. ಕೆಲವರು ಕತ್ತೆಯ ಬೆನ್ನ ಮೇಲೆ ತೊಗಲಚೀಲಗಳಲ್ಲಿ ಹೊರಿಸಿ ತರುತ್ತಿದ್ದರು. ಶಮಾಲ್ ಎಂಬ ಗಾಳಿ ಬಿರುಸಾಗಿ ಹಡಗುಗಳು ತಡವಾದರೆ ಪಟ್ಟಣದಲ್ಲಿ ನೀರಿನ ಬೆಲೆ ಏರುತ್ತಿತ್ತು. 1939ರಲ್ಲಿ ಈ ಕೆಲಸಕ್ಕಾಗಿಯೇ ಒಂದು ಕಂಪೆನಿ ಹುಟ್ಟಿತು. 1946ರ ಹೊತ್ತಿಗೆ ಹೀಗೆ ಬರುತ್ತಿದ್ದ ನೀರು ದಿನಕ್ಕೆ ಸುಮಾರು ಮೂರು ಲಕ್ಷ ಲೀಟರ್.

ಎರ್ಜುರುಮಿನ ಬುಗ್ಗೆಯಿಂದ ಹೊರಟ ನದಿಯ ಗತಿ ನನ್ನ ಲೆಕ್ಕದಲ್ಲಿ ಮುಗಿಯುವುದು ಆ ಓಣಿಯ ಕೊನೆಯ ಮನೆಯ ಹಂಡೆಯಲ್ಲಿ. ಹಿಮಪರ್ವತ, ಕಮರಿ, ಬಯಲು, ಜೌಗು, ಅಳಿವೆ, ಹಡಗಿನ ಮರದ ತೊಟ್ಟಿ, ಕಂದರಿಯ ಡಬ್ಬ: ಇವಿಷ್ಟೂ ಸೇರಿ ಒಂದು ನದಿ.

ಈ ನದಿಗೆ ಬದಲಾಗಿ ಇನ್ನೊಂದನ್ನು ಮನುಷ್ಯನು ಕೈಯಾರ ಮಾಡಿಕೊಂಡದ್ದು ಈ ಶುವೈಖ್‌ನಲ್ಲಿ. 1953ರಲ್ಲಿ ಇಲ್ಲಿ ಸರಕಾರ ಸ್ಥಾಪಿಸಿದ ಬಟ್ಟಿಯಿಳಿಸುವ ಸ್ಥಾವರ ದಿನಕ್ಕೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕಡಲಿನಿಂದ ತೆಗೆಯತೊಡಗಿತು. ನೀರಿನ ಹಡಗುಗಳ ಕಾಲ ಮುಗಿಯುತ್ತ ಬಂತು. 1960ರಲ್ಲಿ ಹಲವು ಹಂತಗಳ ನೂತನ ವಿಧಾನದ ಯಂತ್ರಗಳು ಇಲ್ಲಿಯೇ ಕೆಲಸಕ್ಕೆ ತೊಡಗಿದುವು: ಕಾಯಿಸಿದ ಕಡಲನೀರನ್ನು ಒಂದರಿಂದ ಒಂದಕ್ಕೆ ಒತ್ತಡ ಕಡಮೆಯಾಗುತ್ತ ಹೋಗುವ ಕೋಣೆಗಳ ಸಾಲಿನಲ್ಲಿ ಹರಿಸಿದರೆ, ಪ್ರತಿಯೊಂದು ಕೋಣೆಯನ್ನು ಹೊಕ್ಕೊಡನೆಯೇ ಅದರ ಒಂದಂಶ ಥಟ್ಟನೆ ಆವಿಯಾಗಿ, ತಣ್ಣನೆಯ ಕೊಳವೆಗಳನ್ನು ಸೋಕಿ, ಉಪ್ಪಿಲ್ಲದ ಹನಿಗಳಾಗಿ ಇಳಿಯುತ್ತದೆ. ಆ ಕೊಳವೆಗಳೊಳಗೆ ಹರಿಯುವುದು ಮುಂದಿನ ಸರದಿಯ ಕಡಲನೀರು. ಆವಿಯು ಬಿಟ್ಟ ಬಿಸಿ ಹಾಳಾಗದೆ ಅದನ್ನೇ ಕಾಯಿಸುತ್ತದೆ. ಕೊಲ್ಲಿಯ ನಾಡುಗಳೆಲ್ಲ ಮುಂದೆ ಅನುಸರಿಸಿದ ಈ ವಿದ್ಯೆಯ ಮೊದಲ ದೊಡ್ಡ ಪ್ರಯೋಗಶಾಲೆಗಳಲ್ಲೊಂದು ಶುವೈಖ್. ಅದೇ 1960ರಲ್ಲಿ ಉತ್ತರದ ರೌಧತೈನ್ ಎಂಬಲ್ಲಿ ನೆಲದಡಿಯ ಸಿಹಿನೀರು ದೊರಕಿತು. ಶತ್ತ್ ಅಲ್ ಅರಬ್‌ನಿಂದ ನೀರು ತರುವ ಒಪ್ಪಂದವೊಂದಕ್ಕೆ 1964ರಲ್ಲಿ ಬಗ್ದಾದಿನಲ್ಲಿ ಸಹಿಯಾಯಿತಾದರೂ ಆ ನೀರು ಬರಲಿಲ್ಲ.

ಹಾಗೆಂದು ಕುವೈತಿಗೂ ಫುರಾತಿಗೂ ನಂಟು ಹರಿಯಿತೆಂದು ಭಾವಿಸಲಾಗದು. ಕೊಲ್ಲಿಯ ಉತ್ತರ ದಡದ ಕೆಸರುಬಯಲು, ಬೂಬಿಯಾನ್ ದ್ವೀಪದ ಮಣ್ಣು, ಇವೆರಡರಲ್ಲೂ ಆ ನದಿಗಳು ತಂದು ಸುರಿದ ಹೂಳಿದೆ. ಮೀನಿನ ಮಾರುಕಟ್ಟೆಯಲ್ಲಿ ಕುವೈತಿಗರು ಎಲ್ಲಕ್ಕಿಂತ ಮಿಗಿಲೆಂದು ಆರಿಸಿ ಕೊಳ್ಳುವ ಜುಬೈದಿ ನಮ್ಮ ಕರಾವಳಿಯ ಮಾಂಜಿಯೇ. ಕೊಲ್ಲಿಯ ಈ ತಲೆಯಲ್ಲಿ ಅದು ಸಮೃದ್ಧವಾಗಿ ದೊರೆಯುತ್ತಿದ್ದುದಕ್ಕೆ ನದಿ ತಂದು ಬೆರೆಸುವ ಸಿಹಿನೀರೂ ಪೋಷಕಾಂಶಗಳೂ ಕಾರಣ. ಇನ್ನು ಈ ಸಭೆಯಲ್ಲಿರುವ ಹಿರಿಯರಲ್ಲಿ 1990ರ ಆಗಸ್ಟಿನಲ್ಲಿ ಕುವೈತಿನ ಮೇಲೆ ಇರಾಕ್ ನಡೆಸಿದ ಆಕ್ರಮಣದ ತರುವಾಯ ಬಸ್ಸುಗಳಲ್ಲಿ ಬಸ್ರಾ, ಬಗ್ದಾದುಗಳನ್ನು ಹಾದು ಅಮ್ಮಾನಿಗೆ ಹೋಗಿ, ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ತಾಯ್ನಾಡನ್ನು ಮುಟ್ಟಿದವರಿದ್ದರೆ, ಅವರು ಬಗ್ದಾದಿನ ಪಶ್ಚಿಮದಲ್ಲಿ ಈ ಫುರಾತನ್ನು ದಾಟಿಯೇ ಹೋದವರು. ಲಕ್ಷಕ್ಕೂ ಮೇಲ್ಪಟ್ಟ ಭಾರತೀಯರ ಆ ಯಾತ್ರೆಯಲ್ಲಿ ಕನ್ನಡದ ಮನೆಮಾತಿನ ಕುಟುಂಬಗಳೂ ಇದ್ದುವು.

6. ಪಾಲು

ಈಗ ಅಣೆಕಟ್ಟುಗಳ ಮಾತು. ಕೆಬಾನಿನ ಜೊತೆಗೆ ತುರ್ಕಿಯಲ್ಲಿ ಕರಕಾಯಾ, ಅತಾತುರ್ಕ್, ಬಿರೆಜಿಕ್ ಅಣೆಕಟ್ಟುಗಳೂ ಸಿರಿಯದಲ್ಲಿ ತಬ್ಕಾ ಅಣೆಕಟ್ಟೂ ಎದ್ದುವು. ಕನ್ನಡಿಗರಿಗೆ ತಿಳಿಯುವ ಅಳತೆಯಲ್ಲಿ ಹೇಳುವುದಾದರೆ, ಅಣೆಕಟ್ಟುಗಳಿಗೆ ಮುಂಚೆ ಸಿರಿಯದ ಗಡಿಯಲ್ಲಿ ಫುರಾತ್ ವರ್ಷಕ್ಕೆ ಸರಾಸರಿ ಸಾವಿರ ಟಿ.ಎಂ.ಸಿ.ಗಿಂತ ಕೊಂಚ ಹೆಚ್ಚಿನ ನೀರನ್ನು ತರುತ್ತಿತ್ತು. ಅತಾತುರ್ಕ್ ಜಲಾಶಯವೊಂದರ ಧಾರಣಶಕ್ತಿಯೇ ಸಾವಿರದ ಏಳುನೂರು ಟಿ.ಎಂ.ಸಿ.ಯಷ್ಟು. ನಮ್ಮ ಕನ್ನಂಬಾಡಿಯಂಥ ಮೂವತ್ತಕ್ಕೂ ಹೆಚ್ಚು ಜಲಾಶಯಗಳು ಅದರಲ್ಲಿ ಹಿಡಿಸುತ್ತವೆ. 1987ರಲ್ಲಿ ತುರ್ಕಿಯು ಸಿರಿಯಕ್ಕೆ ಸೆಕೆಂಡಿಗೆ 500 ಘನಮೀಟರ್, ಎಂದರೆ ಸುಮಾರು 17,600 ಕ್ಯೂಸೆಕ್ ನೀರು ಬಿಡಲು ಒಪ್ಪಿತು. 1990ರ ಜನವರಿಯಲ್ಲಿ ಅತಾತುರ್ಕ್ ಜಲಾಶಯವನ್ನು ತುಂಬಲು ಒಂದು ತಿಂಗಳ ಕಾಲ ಹೊನಲನ್ನು ತಡೆಯಲಾಯಿತು. ಅದೇ ಹೊತ್ತಿಗೆ ಸಿರಿಯ ಇರಾಕುಗಳು ತಮಗೆ ಬಂದುದರಲ್ಲಿ ಇರಾಕಿಗೆ ನೂರಕ್ಕೆ 58, ಸಿರಿಯಕ್ಕೆ 42 ಎಂದು ಪಾಲುಮಾಡಿಕೊಂಡುವು. ಈ ಕರಾರುಗಳಲ್ಲಿ ಗಡಿಯಿಂದ ಗಡಿಗೆ ದಾಟಬೇಕಾದ ನೀರಿನ ಲೆಕ್ಕವಿದೆ. ಅಳಿವೆಯನ್ನು ತಲಪಲೇಬೇಕಾದ ನೀರಿನ ಲೆಕ್ಕವಿಲ್ಲ. 2018ರ ಬೇಸಗೆಯಲ್ಲಿ ಶತ್ತ್ ಅಲ್ ಅರಬ್‌ಗೆ ಉಪ್ಪು ಏರಿ, ಕಲ್ಮಷವೂ ಬೆರೆತು, ಬಸ್ರಾದಲ್ಲಿ ಲಕ್ಷಕ್ಕೂ ಹೆಚ್ಚು ಜನ ನೀರು ಕುಡಿದು ಆಸ್ಪತ್ರೆಗೆ ಸೇರಿದರು. ಹಿಂದೊಮ್ಮೆ ಕುವೈತಿಗೆ ಕುಡಿಯಲು ಕೊಟ್ಟ ಹೊಳೆಯ ದಡದಲ್ಲಿಯೇ ಕುಡಿಯಲು ನೀರಿಲ್ಲವಾಯಿತು. ಇದಕ್ಕೆ ಮೇಲಿನ ಅಣೆಕಟ್ಟುಗಳೊಂದೇ ಕಾರಣವಲ್ಲ; ಊರಿನ ಕೊಳೆಯೂ, ಆಳುವವರ ಅಲಕ್ಷ್ಯವೂ ಕೂಡಿದುವು. ಆದರೆ ಸಿಹಿನೀರಿನ ತಳ್ಳು ಕುಂದಿದಾಗ ಕಡಲು ಮೇಲೇರುವುದೆಂಬುದು ಖರ್ಜೂರದ ತೋಟಗಾರನಿಗೂ ಗೊತ್ತಿದ್ದ ನಿಯಮ.

ಇಲ್ಲಿ ನಾವು ನಮ್ಮ ಮನೆಯ ಲೆಕ್ಕವನ್ನೂ ನೋಡಿಕೊಳ್ಳಬೇಕು. ಕೃಷ್ಣೆಯಲ್ಲಿ ನಾವು ನಡುದಾರಿಯವರು; ನಮಗೆ ಮೇಲೆ ಮಹಾರಾಷ್ಟ್ರ, ಕೆಳಗೆ ತೆಲಂಗಾಣ ಆಂಧ್ರಗಳಿವೆ. ಕಾವೇರಿಯಲ್ಲಿ ನಾವು ಮೇಲಿನವರು. 1990ರ ಜೂನಿನಲ್ಲಿ ನೇಮಕವಾದ ನ್ಯಾಯಮಂಡಳಿ 2007ರಲ್ಲಿ ಕೊಟ್ಟ ತೀರ್ಪಿನಲ್ಲಿ 740 ಟಿ.ಎಂ.ಸಿ. ನೀರನ್ನು ಹಂಚಿತು: ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿತು, ಬೆಂಗಳೂರಿನ ಕುಡಿಯುವ ನೀರೂ ಆ ಏರಿಕೆಯಲ್ಲಿ ಸೇರಿತ್ತು. ಈ ದೊಡ್ಡ ಅಂಕಿಗಳನ್ನು ಕುರಿತು ನಮ್ಮಲ್ಲಿ ಆದಷ್ಟು ಚರ್ಚೆ ಬೇರಾವುದನ್ನು ಕುರಿತೂ ಆಗಿಲ್ಲ. ಆದರೆ ಅದೇ 2007ರ ತೀರ್ಪಿನಲ್ಲಿ ಚಿಕ್ಕ ಅಂಕಿಗಳೂ ಇವೆ. ಪುದುಚ್ಚೇರಿಗೆ, ಎಂದರೆ ಕಾವೇರಿಯ ಕವಲುಗಳು ಕಡಲನ್ನು ಮುಟ್ಟುವ ಕಾರೈಕಾಲಿನ ನೆಲಕ್ಕೆ, 7. ನದಿಯ ಪರಿಸರಕ್ಕೆ 10. ಕಡಲಿಗೆ ಹೋಗಲೇಬೇಕಾದುದೆಂದು 4. ತೀರ್ಪಿನ ಉಳಿದ ಅಂಶಗಳ ನ್ಯಾಯಾನ್ಯಾಯ ಏನೇ ಇರಲಿ, ಈ ಮೂರು ಅಂಕಿಗಳಲ್ಲಿ ಕೊನೆಯ ಮನೆಯನ್ನೂ ಕಡಲಿನ ಬಾಯಿಯನ್ನೂ ಕಂಡ ದೃಷ್ಟಿಯಿದೆಯೆಂದು ನಾನು ಗೌರವದಿಂದ ಹೇಳುತ್ತೇನೆ. ಫುರಾತಿಗೆ ಇಂದಿಗೂ ಅಂಥ ಅಂಕಿ ದೊರೆತಿಲ್ಲ.

ಕೊಡಗಿನಲ್ಲೋ ಮಂಡ್ಯದಲ್ಲೋ ಹುಟ್ಟಿದ ಕನ್ನಡಿಗನು ಅಲ್ಲಿ ನದಿಯ ತಲೆಯ ಕಡೆಯವನು. ಶುವೈಖ್‌ಗೆ ಬಂದೊಡನೆ ಅವನೇ ನದಿಯ ಬಾಲಕ್ಕೂ ಆಚೆಯವನು. ಮೇಲಿನವನ ಹಕ್ಕನ್ನೂ ಕೆಳಗಿನವನ ದಾಹವನ್ನೂ ಒಂದೇ ಜನ್ಮದಲ್ಲಿ ಅನುಭವಿಸಿ ತಿಳಿಯುವ ಅವಕಾಶ ಬಹಳ ಜನಕ್ಕೆ ದೊರೆಯುವುದಿಲ್ಲ, ನಿಮಗೆ ದೊರೆತಿದೆ. ಇಲ್ಲಿ ನಲ್ಲಿ ತಿರುಗಿಸಿದರೆ ಬರುವ ನೀರಿಗೆ ಎಣ್ಣೆಯೋ ಅನಿಲವೋ ಉರಿಯಬೇಕು, ಉಳಿದ ಕಟುವಾದ ಉಪ್ಪುನೀರು ಕೊಲ್ಲಿಗೇ ಹಿಂದಿರುಗಬೇಕು. ನದಿಯಿಲ್ಲದ ನೀರಿನ ಬೆಲೆ ಎಷ್ಟೆಂಬುದನ್ನು ಈ ನಗರ ಲೆಕ್ಕಮಾಡಿ ತೋರಿಸಿದೆ. ರಜೆಗೆ ಊರಿಗೆ ಹೋದಾಗ ಈ ಲೆಕ್ಕವನ್ನು ನಮ್ಮವರ ಮುಂದಿಡುವ ಅಧಿಕಾರ ನಿಮಗಿದೆ. ಕಾವೇರಿಯ ಮಾತು ಬಂದಲ್ಲಿ 284.75ರ ಜೊತೆಗೆ ಆ ಏಳನ್ನೂ, ಹತ್ತನ್ನೂ, ನಾಲ್ಕನ್ನೂ ಹೇಳಿರಿ. ನಿಮ್ಮ ಮಕ್ಕಳಿಗೆ ನದಿಗಳ ನಕ್ಷೆ ಬರೆಯಿಸುವಾಗ ಗೆರೆಯನ್ನು ಅಳಿವೆಯಲ್ಲಿ ನಿಲ್ಲಿಸದೆ, ಅದರ ನೀರು ಕುಡಿಯುವ ಕಟ್ಟಕಡೆಯ ಊರಿನವರೆಗೆ ಎಳೆಯಿಸಿರಿ. ಹಾಗೆ ಬರೆಯಲು ಕಲಿತ ಮಗು ಮುಂದೊಂದು ದಿನ ಎಂಜಿನಿಯರಾಗಿಯೋ ನ್ಯಾಯಾಧೀಶನಾಗಿಯೋ ನದಿಯ ಪಾಲು ಮಾಡಲು ಕುಳಿತಾಗ, ಲೆಕ್ಕವನ್ನು ಕೊನೆಯ ಮನೆಯಿಂದಲೇ ಮೊದಲುಮಾಡುತ್ತದೆ.